ಒಂದು ಹಾಳೆಗೆ ಒಂದು ಪದ್ಯ

ಮೊನ್ನೆ ನೀವು ಮೊಮ್ಮಕ್ಕಳು ನನ್ನ ಫೋನಿನಲ್ಲಿ ಅಕ್ಷರಗಳನ್ನು ದೊಡ್ಡವು ಮಾಡಿಕೊಟ್ಟಿರಿ. ಪರದೆಯ ತುಂಬ ನಾಲ್ಕೇ ಶಬ್ದ. ತುಸು ಸಣ್ಣವು ಮಾಡಿರಿ ಎಂದರೆ ನಕ್ಕಿರಿ. ಕಣ್ಣು ಮಂದವಾದವರಿಗೆ ಅಕ್ಷರ ಎಷ್ಟು ದೊಡ್ಡದಿದ್ದರೆ ಅಷ್ಟು ಒಳ್ಳೆಯದು ಎಂದು ಒಂದು ಕಾಲಕ್ಕೆ ನಾನೂ ತಿಳಿದಿದ್ದೆ. ಅದು ತಪ್ಪೆಂದು ಗೊತ್ತಾದದ್ದು ಹೇಗೆ ಎಂಬುದನ್ನು ಎದುರಿಗೆ ಕುಳಿತು ಹೇಳಲು ನನಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ಮುಂಡರಗಿ ಕಡೆಯ ಹಳ್ಳಿಗೆ ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಕನ್ನಡದವರದೆಲ್ಲ ಒಂದೇ ರಾಜ್ಯವಾಗುತ್ತದಂತೆ ಎಂದು ಗಂಡಸರು ಕಟ್ಟೆಯ ಮೇಲೆ ಮಾತಾಡುತ್ತಿದ್ದ ವರ್ಷ ಅದು. ಶ್ರಾವಣದಲ್ಲಿ ದಿನಾಲೂ ಸಂಜೆ ಗುಡಿಯಲ್ಲಿ ಪುರಾಣ ನಡೆಯುತ್ತಿತ್ತು. ನನ್ನ ಮಾವ ಪದ್ಯವನ್ನು ರಾಗವಾಗಿ ಓದುವರು. ಅವರು ನಿಲ್ಲಿಸಿದ ಕೂಡಲೇ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ಅದರ ಅರ್ಥ ಬಿಡಿಸಿ ಹೇಳುವರು. ಓದುವವರ ಆ ಜಾಗ ಬಹಳ ವರ್ಷಗಳಿಂದ ಮಾವನದೇ.

ಒಂದು ಮಧ್ಯಾಹ್ನ ಅತ್ತೆ ಒಲೆಯ ಮುಂದೆ ದನಿ ತಗ್ಗಿಸಿ ಹೇಳಿದರು: "ನಿಮ್ಮ ಮಾವಗ ಪುಸ್ತಕದಾಗಿನ ಅಕ್ಷರ ಕಾಣವಲ್ವು. ಇಲ್ಲಿತನಾ ಬಾಯಿಪಾಠ ಹೇಳ್ಯಾರ. ಮುಂದಿನ ಭಾಗ ಬಾಯಾಗ ಇಲ್ಲ. ಯಾರ ಮುಂದೂ ಆಡಬ್ಯಾಡ ತಂಗಿ."

ಗದಗಿನ ಡಾಕ್ಟರು ಕಣ್ಣಿನ ಪೊರೆ ಇನ್ನೂ ಹಣ್ಣಾಗಿಲ್ಲ, ಆದಮೇಲೆ ತೆಗೆಯೋಣ ಎಂದಿದ್ದರಂತೆ. ಅಲ್ಲಿಯತನಕ ಜಾಗ ಬಿಟ್ಟುಕೊಟ್ಟರೆ ತಿರುಗಿ ಸಿಗುವುದಿಲ್ಲವೆಂಬ ಹೆದರಿಕೆ ಮಾವನಿಗೆ.

ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಅಕ್ಷರ ಮಾತ್ರ ದುಂಡಗೆ ಬರುತ್ತಿದ್ದವು. "ನಾ ದೊಡ್ಡವಾಗಿ ಬರದು ಕೊಟ್ಟರ?" ಎಂದೆ. ಮಾವನ ಎದುರು ನಾನು ಮಾತಾಡುತ್ತಿರಲಿಲ್ಲ, ಅತ್ತೆಯೇ ಹೋಗಿ ಕೇಳಿ ಬಂದರು. ನಿಮ್ಮ ಅಜ್ಜ ಗದಗಿನಿಂದ ಹಾಳೆ, ಮಸಿ ತಂದರು. ನೆನೆದ ಕಡಲೆಯಷ್ಟು ದೊಡ್ಡ ಅಕ್ಷರಗಳಲ್ಲಿ ಆ ಸಂಜೆಯ ಪದ್ಯಗಳನ್ನೆಲ್ಲ ಬರೆದೆ. ಆರು ಸಾಲಿನ ಪದ್ಯ, ಹಾಳೆಗೆ ನಾಲ್ಕೇ ಸಾಲು ಹಿಡಿದವು. ಉಳಿದವು ಮುಂದಿನ ಹಾಳೆಗೆ ಹೋದವು. ಅದರಿಂದ ಏನಾದೀತೆಂದು ಯೋಚಿಸಲಿಲ್ಲ.

ಗುಡಿಯಲ್ಲಿ ಹೆಂಗಸರ ಹಿಂದೆ ಕುಳಿತಿದ್ದೆ. ಮಾವ ಹಾಳೆಗಳನ್ನು ತೆರೆದ ಪುಸ್ತಕದ ಮೇಲಿಟ್ಟು ಓದತೊಡಗಿದರು. ಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಒಂದು ಕಡೆ ಮಸಿ ಆರದೆ ಹಾಳೆಗೆ ಹಾಳೆ ಅಂಟಿಕೊಂಡಿತ್ತು. ರಾಜನು ಋಷಿಯ ಮುಂದೆ ಕತ್ತಿ ಹಿರಿದನು ಎಂಬಲ್ಲಿಗೆ ಹಾಳೆ ಮುಗಿದು, ಮಾವ ಅದನ್ನು ಬಿಡಿಸುತ್ತ ಸುಮ್ಮನಾದರು. ಪದ್ಯವೇ ಮುಗಿಯಿತೆಂದು ಅರ್ಥ ಹೇಳುವವರು ಶುರುಮಾಡಿಬಿಟ್ಟರು.

"ಕೇಳ್ರೆಪಾ, ರಾಜಗ ಸಿಟ್ಟು ಬಂತು. ಋಷಿ ಅಂತ ಸೈತ ನೋಡಲಿಲ್ಲ, ಕಡದ ಬಿಟ್ಟ."

ಹೆಂಗಸರು ಲೊಚಗುಟ್ಟಿದರು. ಅಷ್ಟರಲ್ಲಿ ಹಾಳೆ ಬಿಟ್ಟಿತು. ರಾಜನು ಆ ಕತ್ತಿಯನ್ನು ಋಷಿಯ ಪಾದದಲ್ಲಿಟ್ಟು ಕೈಮುಗಿದನು ಎಂದು ಮಾವ ಮುಂದೆ ಓದಿದರು.

"ಕಡದ ಋಷಿ ಮತ್ತ ಹೆಂಗ ಎದ್ದು ಕುಂತರಿ?" ಎಂದರು ಯಾರೋ. ಗುಡಿಯೆಲ್ಲ ನಕ್ಕಿತು.

ಅರ್ಥ ಹೇಳುವವರ ಮುಖ ಬಾಡಿತು. "ಓದಾವ್ರು ನಿಂತ್ರು, ನಾ ಹೇಳಿದೆ. ಓದೂದು ಆಗಲಿಲ್ಲಂದ್ರ ಬ್ಯಾರೇದವರಿಗೆ ಕೊಡ್ಲಿ," ಎಂದರು.

ಮನೆಗೆ ಬಂದು ಮಾವ ಅರ್ಧ ರೊಟ್ಟಿಗೇ ಕೈ ತೊಳೆದರು. "ನಾಳಿಂದ ನಾ ಹೋಗೂದಿಲ್ಲ" ಎಂದು ಗೋಡೆಗೆ ಒರಗಿದರು.

ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಮತ್ತೆ ಬರೆಯಲು ಕುಳಿತೆ. ಈ ಸಲ ಮೊದಲು ಹಾಳೆ ನೋಡಿದೆ, ಆಮೇಲೆ ಅಕ್ಷರ. ಒಂದು ಹಾಳೆಯಲ್ಲಿ ಒಂದು ಪದ್ಯ ಪೂರ್ತಿ ಬರಲೇಬೇಕು. ಹಾಳೆಯನ್ನು ಅಡ್ಡ ತಿರುಗಿಸಿ ಎಲ್ಲಕ್ಕಿಂತ ಉದ್ದದ ಸಾಲನ್ನು ಬರೆದು ನೋಡಿದೆ. ಅಕ್ಷರ ಕಡಲೆಯಿಂದ ತೊಗರಿ ಕಾಳಿಗೆ ಇಳಿದವು.

ಅತ್ತೆ ಅದನ್ನು ಮಾವನ ಮುಂದೆ, ಗುಡಿಯಲ್ಲಿ ಪುಸ್ತಕ ಇಡುವಷ್ಟೇ ದೂರದಲ್ಲಿ ಹಿಡಿದರು. "ಏನ್ರಿ, ಇದೊಂದು ಓದ್ರಿ."

"ಬ್ಯಾಡಂದ್ನೆಲ್ಲ."

"ಓದಿ ಬ್ಯಾಡನ್ರಿ."

ಮಾವ ಓದಿದರು. ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿ, "ಕೆಳಗಿನವು ಕಾಣವಲ್ವು" ಎಂದರು. ಸಾಲು ಹಿಡಿಸಲೆಂದು ಒತ್ತುಗಳನ್ನು ಮೇಲಿನ ಅಕ್ಷರದ ಕಾಲಿಗೆ ಸಣ್ಣಗೆ ತುರುಕಿದ್ದೆ. ಸುತ್ತಲಿನ ಅಂಚನ್ನು ಕಡಿಮೆ ಮಾಡಿ, ಸಾಲಿನ ನಡುವೆ ಜಾಗ ಬಿಟ್ಟು, ಒತ್ತನ್ನೂ ಅಕ್ಷರದಷ್ಟೇ ದಪ್ಪ ಬರೆದು ಇನ್ನೊಂದು ಹಾಳೆ ಕೊಟ್ಟೆ. ಮಾವ ಎಲ್ಲಿಯೂ ನಿಲ್ಲದೆ ಓದಿ ಮುಗಿಸಿದರು.

"ನಿನ್ನಿಕಿಂತ ಸಣ್ಣವು ಅದಾವಲ್ಲ," ಎಂದರು. ಆಮೇಲೆ ಅತ್ತೆಯತ್ತ ತಿರುಗಿ, "ಮಸಿ ಆರಿಸಿ ಕೊಡಾಕ ಹೇಳು" ಎಂದರು.

ಆ ಸಂಜೆ ಮಾವ ಮೊದಲ ಪದ್ಯ ಓದಿ ನಿಲ್ಲಿಸಿದರು. ಅರ್ಥ ಹೇಳುವವರು ಬಾಯಿ ತೆರೆಯಲಿಲ್ಲ. ಇನ್ನೂ ಏನಾದರೂ ಉಳಿದಿದೆಯೋ ಎಂದು ಅನುಮಾನ. ಮಾವ ಹಾಳೆಯನ್ನು ಅವರತ್ತ ಸರಿಸಿ, ಕೊನೆಯ ಸಾಲಿನ ಕೆಳಗಿನ ಬರಿಯ ಜಾಗವನ್ನು ಬೆರಳಿನಿಂದ ತೋರಿಸಿದರು. ಅವರು ಬಗ್ಗಿ ನೋಡಿದರು. ಪದ್ಯವನ್ನೂ ಒಮ್ಮೆ ಮನಸ್ಸಿನಲ್ಲೇ ಓದಿಕೊಂಡಂತೆ ತುಟಿ ಆಡಿದವು. ಆಮೇಲೆ ಅರ್ಥ ಹೇಳಿದರು.

ಮರುದಿನ ಮುಂಜಾನೆ ಅವರು ನಮ್ಮ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ.

"ಅರ್ಥ ಹೇಳಾವಗೂ ಪದ್ಯ ಮುಂದ ಇದ್ದರ ಛಲೋ. ಸೊಸಿಗೆ ಹೇಳಿ ನನಗೊಂದು ಪ್ರತಿ ಬರಸ್ರಿ," ಎಂದರು. ಹೊರಟವರು ತಿರುಗಿ, "ಅಷ್ಟ ದೊಡ್ಡವು ಇರ್ಲಿ. ಸಣ್ಣವು ನನಗೂ ಕಾಣೂದಿಲ್ಲ," ಎಂದರು.

ಶ್ರಾವಣ ಮುಗಿಯುವತನಕ ದಿನಾಲೂ ಎರಡು ಪ್ರತಿ ಬರೆದೆ. ಮಾವನ ಜಾಗದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.