ಪೆಟ್ಟಿಗೆಯಿಂದ ಎದ್ದು ನಕ್ಕವನು

ಶಿಗ್ಲಿಯ ಆ ಓಣಿಯಲ್ಲಿ ಸಿದ್ದಲಿಂಗವ್ವನ ಮಗ್ಗದ ಸದ್ದು ಕೇಳದ ಬೆಳಗು ಅಪರೂಪ. ಅವಳ ತವರು ಬೆಟಗೇರಿ. ಅಪ್ಪನ ಪಕ್ಕದಲ್ಲಿ ಕುಳಿತು ಲಾಳಿ ಹಿಡಿಯುವುದನ್ನು ಕಲಿತು, ಮದುವೆಯಾಗಿ ಬರುವಾಗ ಆ ಕಸುಬನ್ನೂ ಜೊತೆಗೆ ತಂದವಳು. ಗಂಡ ನಿಜಲಿಂಗಪ್ಪ ಸಿಪಾಯಿ. ಹೊಸ ಮದುವೆಯ ಸಡಗರ ಆರುವ ಮೊದಲೇ ಶ್ರೀಲಂಕೆಗೆ ಹೊರಟ ಪಡೆಯಲ್ಲಿ ಅವನೂ ಹೋದ. ಗಾಯಗೊಂಡ ಜೊತೆಗಾರರನ್ನು ಬೆನ್ನ ಮೇಲೆ ಹೊತ್ತು ನೀರು ದಾಟಿಸಿ, ಉಳಿದವನೊಬ್ಬನನ್ನು ತರುತ್ತೇನೆಂದು ತಿರುಗಿ ಹೋದವನು ಮತ್ತೆ ಕಾಣಲಿಲ್ಲ. ಸರಕಾರ ಪದಕ ಕೊಟ್ಟಿತು, ಪಿಂಚಣಿ ಕೊಟ್ಟಿತು. ಹೆಣ ಮಾತ್ರ ಬರಲಿಲ್ಲ.

“ಕಣ್ಣೀಲೆ ನೋಡದ ಹೆಣಕ್ಕ ನನ್ನ ಸೊಸಿ ಬಳಿ ಯಾಕ ಒಡೀಬೇಕ?” ಎಂದು ಅತ್ತೆ ಅಂದು ಊರ ಹಿರಿಯರ ಮುಂದೆಯೇ ಕೇಳಿದ್ದಳು. ಅತ್ತೆ ಹೋದಮೇಲೂ ಆ ಮಾತು ಉಳಿಯಿತು. ಸಿದ್ದಲಿಂಗವ್ವನ ಕೂದಲು ಬೆಳ್ಳಗಾದರೂ ಹಣೆಯ ಕುಂಕುಮ ಹಾಗೆಯೇ ಇತ್ತು. ಓಣಿಯಲ್ಲಿ ಯಾರ ಮಗಳಿಗೆ ಉಡಿ ತುಂಬುವುದಿದ್ದರೂ ಮೊದಲು ಕರೆಯುವ ಮುತ್ತೈದೆ ಅವಳೇ. ಗಂಡನ ಕಡೆಯಿಂದ ಅವಳಿಗೆ ಉಳಿದಿದ್ದುದು ಆ ಒಂದು ಮರ್ಯಾದೆ.

ಈ ಸಲ ಬೇಸಿಗೆ ಕಳೆಯುತ್ತಿದ್ದಂತೆ ನಿಜಲಿಂಗಪ್ಪನ ಬದುಕನ್ನು ಸಿನಿಮಾ ಮಾಡುವ ತಂಡವೊಂದು ಲಕ್ಷ್ಮೇಶ್ವರಕ್ಕೆ ಬಂದಿಳಿಯಿತು. ಯುದ್ಧದ ಭಾಗವನ್ನು ಹಮ್ಮಿಗಿಯ ಹಿನ್ನೀರಿನಲ್ಲಿ ತೆಗೆದು ಮುಗಿಸಿದರು. ನಿರ್ದೇಶಕ ಗುರುರಾಜ ಸಿದ್ದಲಿಂಗವ್ವನ ಮನೆಗೆ ಬಂದು, ನೆಲದ ಮೇಲೆಯೇ ಕುಳಿತು ಚಹಾ ಕುಡಿದು, ಹಳೆಯ ಫೋಟೋ ಕೇಳಿ ಪಡೆದ. ಹೆಂಡತಿಯ ಪಾತ್ರ ಮಾಡುವ ಹುಡುಗಿಗೆಂದು ಆ ಕಾಲದ ಬಣ್ಣದ ಸೀರೆಯೊಂದನ್ನು ಅವಳ ಕೈಯಿಂದಲೇ ನೇಯಿಸಿಕೊಂಡ. ಗಂಡ ಕಾಣೆಯಾದ ಸುದ್ದಿ ಬಂದಾಗ ಹೆಂಡತಿ ಮಗ್ಗ ನಿಲ್ಲಿಸುತ್ತಾಳೆ, ಅಲ್ಲಿಗೆ ಸಿನಿಮಾ ಮುಗಿಯುತ್ತದೆ ಎಂದು ಅವನು ಹೇಳಿದ್ದ.

ಚಿತ್ರೀಕರಣದ ದಿನ ಸಿದ್ದಲಿಂಗವ್ವ ಕಟ್ಟೆಯ ಕಂಬ ಹಿಡಿದು ನಿಂತಿದ್ದಳು. ಓಣಿಯೊಳಕ್ಕೆ ಸೈನ್ಯದ ಬಣ್ಣದ ಲಾರಿಯೊಂದು ತಿರುಗಿತು. ಅದರಿಂದ ಇಳಿದದ್ದು ಬಾವುಟ ಹೊದಿಸಿದ ಪೆಟ್ಟಿಗೆ. ಅದರ ಬದಿಯಲ್ಲಿ ಬಿಳಿಯ ಅಕ್ಷರಗಳಲ್ಲಿ ಅವಳ ಗಂಡನ ಹೆಸರು, ಊರು. ಮುಚ್ಚಳ ಸರಿಸಿದರು. ಒಳಗೆ ಮೂಗಿಗೆ ಹತ್ತಿ ಇಟ್ಟುಕೊಂಡು ನಿಜಲಿಂಗಪ್ಪ ಮಲಗಿದ್ದ. ಅದೇ ಮೀಸೆ, ಗಲ್ಲದ ಮೇಲೆ ಅದೇ ಮಚ್ಚೆ.

ಅದು ಸಮೀರನೆಂಬ ನಟ, ನಿನ್ನೆ ತನ್ನ ಮನೆಯಲ್ಲೇ ರೊಟ್ಟಿ ತಿಂದುಹೋದ ಹುಡುಗ ಎಂದು ಬುದ್ಧಿಗೆ ಗೊತ್ತಿತ್ತು. ಕಂಬ ಹಿಡಿದ ಕೈಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಓಣಿಯ ಮುದುಕಿಯರು ಹಾಡಿಕೊಂಡು ಅಳತೊಡಗಿದರು. ಅಳಿರೆಂದು ಗುರುರಾಜನೇ ಹೇಳಿದ್ದ. ಅವರಾದರೋ ನಿಜಲಿಂಗಪ್ಪನ ಹೆಸರು ಹಿಡಿದು, ಅವನು ಬಾಲ್ಯದಲ್ಲಿ ಕದ್ದ ಪೇರಲ ಹಣ್ಣನ್ನೂ ಬಿಡದೆ ನೆನೆದು ಅತ್ತರು. ಭಜನೆಯವರು ತಾಳ ಹಿಡಿದು ಬಂದರು. ಹೆಣ ಹೊರುವವರ ಸಾಲಿನಲ್ಲಿ ನಿಲ್ಲಿಸಿದ್ದ ನಿಜಲಿಂಗಪ್ಪನ ಖಾಸಾ ತಮ್ಮ ಪುಂಡಲೀಕಪ್ಪ ಯಾರಿಗೂ ಹೇಳದೆ ಮಠದ ಅಯ್ಯನವರನ್ನು ಕರೆತಂದಿದ್ದ. ಪತ್ರಿ, ವಿಭೂತಿ ಎಲ್ಲ ಸಿದ್ಧವಾಗಿದ್ದವು. ಗುರುರಾಜ ಬೆರಗಾಗಿ, ಕ್ಯಾಮೆರಾ ನಿಲ್ಲಿಸಬೇಡಿರೆಂದು ಕೈಸನ್ನೆ ಮಾಡಿದ. ಪೆಟ್ಟಿಗೆ ಊರ ಹೊರಗಿನ ಹೊಲಕ್ಕೆ ಹೊರಟೇಬಿಟ್ಟಿತು. ಗುಡಿಯ ಹಿಂದೆ ಸಮೀರನನ್ನು ಸದ್ದಿಲ್ಲದೆ ಇಳಿಸಿದ್ದನ್ನು ಊರವರು ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಖಾಲಿ ಪೆಟ್ಟಿಗೆಗೇ ಮಣ್ಣು ಕೊಟ್ಟರು.

ಸಂಜೆಯ ಹೊತ್ತಿಗೆ ಸಿದ್ದಲಿಂಗವ್ವ ಕಂಬ ಬಿಟ್ಟು ಒಳಹೋಗಬೇಕೆಂದು ತಿರುಗಿದಾಗ ಓಣಿಯಲ್ಲಿ ನೀರು ಹರಿಯುತ್ತಿತ್ತು. ಮನೆಮನೆಯ ಮುಂದೆ ಕೊಡಗಳು ಬೋರಲು ಬಿದ್ದಿದ್ದವು. ಹೆಣ ಹೋದ ಓಣಿಯಲ್ಲಿ ತುಂಬಿಟ್ಟ ನೀರು ಇಟ್ಟುಕೊಳ್ಳುವುದಿಲ್ಲವಲ್ಲ! ಯಾವ ಒಲೆಯಲ್ಲೂ ಹೊಗೆ ಇರಲಿಲ್ಲ. ಪುಂಡಲೀಕಪ್ಪನ ಹೆಂಡತಿ ಬಿಸಿನೀರಿನ ಹಂಡೆಯ ಪಕ್ಕದಲ್ಲಿ ಕಣ್ಣೊರೆಸುತ್ತ ನಿಂತಿದ್ದಳು.

“ಅಕ್ಕಾ, ಜಳಕಾ ಮಾಡ್ರಿ. ಬಳಿ ತಗೀರಿ.”

“ಏನಂದಿ?”

“ವೈನಿ,” ಪುಂಡಲೀಕಪ್ಪ ತಲೆಯಿಂದ ನೀರು ಸುರಿಸುತ್ತ ಒಳಗೆ ಬಂದ. “ಅಣ್ಣಗ ಇವತ್ತ ಮಣ್ಣ ಕೊಟ್ಟ ಬಂದೆ. ಅವ್ವ ಸಾಯೂ ಮುಂದ ಮನಸ್ಸ ಬದಲಿಸಿ, ಅವಗ ಮಣ್ಣರ ಕೊಡು ಅಂದಿದ್ಲು. ಆಗಿದ್ದಿಲ್ಲ. ಈಗ ಆತು.”

“ಯಾರಿಗೆ ಮಣ್ಣ ಕೊಟ್ಟಿ? ಪೆಟಗಿ ಖಾಲಿ ಇತ್ತಲ್ಲೋ!”

“ಅಯ್ನಾರು ಮಂತ್ರ ಖರೇನ ಅಂದಾರ. ಮಂದಿ ಖರೇನ ಅತ್ತಾರ. ಇನ್ನೇನ ಬೇಕ್ರಿ?”

ಅವನ ಮುಖದಲ್ಲಿ ಕಪಟವಿರಲಿಲ್ಲ. ಬಹುಕಾಲ ಹೊತ್ತ ಭಾರ ಇಳಿಸಿದವನ ನೆಮ್ಮದಿಯಿತ್ತು. ಅದನ್ನು ಕಂಡೇ ಅವಳಿಗೆ ಹೆಚ್ಚು ಭಯವಾಯಿತು. ಆ ನೀರನ್ನು ಮುಟ್ಟದೆ ಕದ ಹಾಕಿಕೊಂಡಳು.

ಮರುದಿನ ಎದುರು ಮನೆಯ ಬಸುರಿ ಮಗಳಿಗೆ ಉಡಿ ತುಂಬುವ ಕಾರ್ಯವಿತ್ತು. ಸಿದ್ದಲಿಂಗವ್ವ ಎಂದಿನಂತೆ ಹೋಗಿ ಮುಂದಿನ ಸಾಲಿನಲ್ಲಿ ಕುಳಿತಳು. ಕುಂಕುಮದ ತಟ್ಟೆ ಅವಳ ಹತ್ತಿರ ಬಂದು, ಒಂದು ಗಳಿಗೆ ತಡೆದು, ಮುಂದಿನವಳಿಗೆ ಹೋಯಿತು. ಯಾರೂ ಬಿರುಸು ಮಾತನಾಡಲಿಲ್ಲ. ಮನೆಯೊಡತಿ ತಲೆ ತಗ್ಗಿಸಿದಳು, ಅಷ್ಟೆ. ತಟ್ಟೆ ಸಾಲಿನ ಕೊನೆ ಮುಟ್ಟುವ ಮೊದಲೇ ಸಿದ್ದಲಿಂಗವ್ವ ಎದ್ದು ಬಂದಳು.

ಮನೆಯಲ್ಲಿ ಗುಲ್ನಾಜ ಸೀರೆ ಹಿಂದಿರುಗಿಸಲು ಬಂದು ಕುಳಿತಿದ್ದಳು. ಗದುಗಿನವಳು, ನಟರಿಗೆ ಬಣ್ಣ ಹಚ್ಚುವುದು ಅವಳ ಕೆಲಸ. ನಡೆದುದನ್ನೆಲ್ಲ ಕೇಳಿದ ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

“ಯಾ ಅಲ್ಲಾ! ಸಮೀರ ನಗಲೇ ಇಲ್ರಿ ಅವ್ವಾರ!”

“ಏನ ನಗೂದು?”

“ನಮ್ಮ ಸಿನಿಮಾದಾಗ ಒಂದ ಪದ್ಧತಿ ಐತ್ರಿ. ಹೆಣಾ ಆಗಿ ಮಲಗಿದಾವ ಎದ್ದು ಕ್ಯಾಮೆರಾ ನೋಡಿ ನಗಬೇಕು. ಅಂದ್ರ ಆ ಸಾವು ಸುಳ್ಳು ಅಂತ. ನಿನ್ನೆ ಆ ಅಳೂ ಗದ್ದಲದಾಗ ಎಲ್ಲಾರೂ ಮರತೇ ಬಿಟ್ಟಾರ. ರಾತ್ರಿಯೆಲ್ಲಾ ನನಗ ಅದ ಚಿಂತಿ.”

ಸಿದ್ದಲಿಂಗವ್ವ ಅವಳ ಕೈ ಹಿಡಿದುಕೊಂಡಳು. “ಹಂಗಾದ್ರ ಇಲ್ಲೇ ಬಂದು ನಗಲಿ. ಹೆಣಾ ನೋಡಿದ ಓಣ್ಯಾಗ, ಎಲ್ಲಾರ ಮುಂದ.”

ಗುರುರಾಜನಿಗೆ ಸುದ್ದಿ ಮುಟ್ಟಿದಾಗ ಅವನ ಮುಖ ಕಪ್ಪಿಟ್ಟಿತು. “ತಪ್ಪಾಯಿತಮ್ಮ. ಕೊನೆ ಬದಲಾಯಿಸಿದ್ದನ್ನು ನಿಮಗೆ ಹೇಳಬೇಕಿತ್ತು,” ಎಂದು ಬಂದು ಕೈಮುಗಿದ. ಮರುದಿನ ಬೆಳಿಗ್ಗೆ ಲಾರಿ ಮತ್ತೆ ಓಣಿಗೆ ಬಂತು. ಅದೇ ಪೆಟ್ಟಿಗೆ ಇಳಿಯಿತು; ಕಂಪನಿಯ ಸಾಮಾನಾದ್ದರಿಂದ ಮಣ್ಣು ಸರಿಸಿ ಮೇಲೆತ್ತಿದ್ದರು. ಅದಕ್ಕಂಟಿದ ಹಸಿ ಮಣ್ಣನ್ನು ಕಂಡು ಪುಂಡಲೀಕಪ್ಪ ಕಲ್ಲಿನಂತೆ ನಿಂತ.

ಸಮೀರ ಎದ್ದು ಕುಳಿತ. ನಗಲು ನೋಡಿದ, ತುಟಿ ಅದುರಿತೇ ಹೊರತು ನಗು ಬರಲಿಲ್ಲ. ಮೊನ್ನೆ ಎಲ್ಲರಿಗಿಂತ ಜೋರಾಗಿ ಅತ್ತಿದ್ದ ಮುದುಕಿಯೊಬ್ಬಳು ಕೋಲು ಕುಟ್ಟಿದಳು.

“ಲೇ ಸತ್ತಾವ್ನ, ಹಲ್ಲ ಕಿಸಿಯೋ! ನಿನ್ನ ಸಲುವಾಗಿ ಅತ್ತು ಅತ್ತು ನನ್ನ ಗಂಟ್ಲಾ ಕೂತೈತಿ. ಉಪಾಸ ಬ್ಯಾರೆ ಬಿದ್ದೀನಿ!”

ಅವನಿಗೆ ನಗು ಒತ್ತರಿಸಿ ಬಂತು. ಮೂಗಿನ ಹತ್ತಿ ಹಾರಿ ಬಿತ್ತು. ಓಣಿಯೂ ನಕ್ಕಿತು. ಎದುರು ಮನೆಯವಳು ಓಡಿಹೋಗಿ ಕುಂಕುಮದ ಬಟ್ಟಲು ತಂದಳು. “ನನ್ನ ತಪ್ಪ ಹೊಟ್ಟ್ಯಾಗ ಹಾಕ್ಕೋರಿ ಯವ್ವಾ,” ಎಂದು ಹಚ್ಚಿದಳು. ಸಿದ್ದಲಿಂಗವ್ವ ಗೆದ್ದಿದ್ದಳು.

ಆಗ ಸಮೀರ ಪೆಟ್ಟಿಗೆಯಿಂದಿಳಿದು ಬಂದು ಅವಳ ಕಾಲು ಮುಟ್ಟಿದ. ನಿಜಲಿಂಗಪ್ಪನ ಮೀಸೆ, ನಿಜಲಿಂಗಪ್ಪನ ಮಚ್ಚೆ, ಆ ಮುಖವೆತ್ತಿ ಅವಳನ್ನು ನೋಡಿ ಮೆಲ್ಲಗೆ ಕೇಳಿದ: “ನಕ್ಕಿದ್ದು ಸಾಕಾ, ಅಜ್ಜಿ?”

ಪೆಟ್ಟಿಗೆ ಕಂಡಾಗ ಆದುದಕ್ಕಿಂತ ದೊಡ್ಡ ಆಘಾತ ಅವಳಿಗೆ ಆಗ ಆಯಿತು. ತಾನು ಕಾಯುತ್ತಿದ್ದುದು ಈ ಮುಖಕ್ಕೆ, ಈ ವಯಸ್ಸಿಗೆ. ಆ ಹುಡುಗ ಈ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಬದುಕಿದ್ದರೂ ಇಲ್ಲ. “ಸಾಕಪ್ಪಾ,” ಎಂದಳು. ಆ ದಿನ ಮಗ್ಗ ನುಡಿಯಲಿಲ್ಲ.

ಮರುದಿನ ನಸುಕಿನಲ್ಲಿ ಅವಳು ಮೈದುನನ ಕದ ಬಡಿದಳು. “ಪುಂಡಲೀಕಪ್ಪಾ, ನೀರ ಕಾಯಸು. ನಿಮ್ಮಣ್ಣನ ಸಾವಿನ ಜಳಕಾ ಮಾಡಬೇಕು.”

ಅವನು ದಂಗಾದ. “ವೈನಿ! ನಿನ್ನೆ ಅಷ್ಟೆಲ್ಲಾ ಮಾಡಿಸಿ...”

“ನಿನ್ನೆ ಸುಳ್ಳಂತ ಆತು. ಇವತ್ತ ಖರೆ ಅಂತ ನಾ ಹೇಳಾಕತ್ತೇನಿ.”

ಸ್ನಾನ ಮಾಡಿ, ಮನಸ್ಸು ಹಗುರಾಗುವಷ್ಟು ಅತ್ತು, ಒದ್ದೆ ಕೂದಲಲ್ಲಿ ಅವಳು ಹೊರಬಂದಾಗ ಓಣಿಯ ಹೆಂಗಸರು ಕೂಡಿದ್ದರು. ಅವಳ ಕೈಯಲ್ಲಿ ಬಳೆಗಳು ಇದ್ದಂತೆಯೇ ಇದ್ದವು. ಹಣೆಯಲ್ಲಿ ಕುಂಕುಮ, ಎಂದಿಗಿಂತ ತುಸು ದೊಡ್ಡದಾಗಿಯೇ. ಪುಂಡಲೀಕಪ್ಪನ ಕೈಯ ತಂಬಿಗೆ ಕೆಳಗೆ ಬಿತ್ತು.

“ಅವಾ ಸತ್ತದ್ದ ಖರೆ. ಇದನ್ನ ಅವಾ ಹಚ್ಚಿದ್ದಲ್ಲ, ದಿನಾ ನಾನ ಹಚಗೋತೇನಿ,” ಎಂದಳು ಸಿದ್ದಲಿಂಗವ್ವ. ಆಮೇಲೆ ಬೋರಲು ಬಿದ್ದಿದ್ದ ತನ್ನ ಕೊಡವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. “ಏನ ನೋಡ್ಕೋತ ನಿಂತೀರಿ? ಹಳೀ ನೀರ ಚೆಲ್ಲಿ ಆತಲ್ಲ. ನಾಕ ದಿನದ ಮ್ಯಾಲ ನಳಾ ಬಂದಾವು, ತುಂಬ್ರಿ.”

ಎಲ್ಲರಿಗಿಂತ ಮೊದಲು ಕೊಡ ತೆಗೆದುಕೊಂಡು ಅವಳ ಹಿಂದೆ ಹೊರಟವಳು ಎದುರು ಮನೆಯ ಬಸುರಿ ಹುಡುಗಿ.