ಕಾಪುವಿನ ಲೈಟ್‌ಹೌಸನ್ನು ನಾನು ಮುಚ್ಚಿದ ದಿನ

ಬೆಳಿಗ್ಗೆ ಅಕ್ಕಿ ತೊಳೆದು ನೆನೆಹಾಕಿದೆ. ಅಂಗಳ ಗುಡಿಸಿದೆ. ಇವರಿಗೆ ಚಹಾ ಮಾಡಿದೆ, ಅತ್ತೆಗೆ ಸಕ್ಕರೆ ಹಾಕದ ಚಹಾ ಬೇರೆ ಮಾಡಿದೆ. ಮೀನಿನವಳಿಂದ ಆರು ಬಂಗುಡೆ ತೆಗೆದುಕೊಂಡೆ. ಬಟ್ಟೆ ಒಗೆದೆ, ಮಧ್ಯಾಹ್ನಕ್ಕೆ ಮಟ್ಟುಗುಳ್ಳ ಬದನೆಯ ಹುಳಿ ಮಾಡಿದೆ, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಭಾನುವಾರ ಮುಂಬೈಯಿಂದ ನೆಂಟರು ಬರುವವರಿದ್ದಾರೆ, ಹಾಗಾಗಿ ಮೇಲಿನ ಕೋಣೆಯ ಹಾಸಿಗೆಗಳಿಗೆ ಒಗೆದ ಚಾದರ ಹಾಕಿದೆ. ಸಂಜೆ ಅತ್ತೆಯ ಎದುರು ಮಣೆ ಹಾಕಿ ಕುಳಿತು, ಹದಿನೇಳು ವರ್ಷಗಳ ಹಿಂದೆ ನಾನು ನಿಮಗೊಂದು ಸುಳ್ಳು ಹೇಳಿದ್ದೆ ಎಂದು ಹೇಳಿದೆ.

ಕಾಪುವಿನ ಲೈಟ್‌ಹೌಸಿಗೆ ಅರವತ್ತು ದಾಟಿದವರನ್ನು ಹತ್ತಲು ಬಿಡುವುದಿಲ್ಲ — ಇದು ಆ ಸುಳ್ಳು. ಅಂಥ ನಿಯಮವನ್ನು ಯಾರೂ ಮಾಡಿರಲಿಲ್ಲ. ನಾನು ಮಾಡಿದೆ. ಒಲೆಯ ಮುಂದೆ ನಿಂತು, ಸಟ್ಟುಗ ಕೈಯಲ್ಲಿ ಹಿಡಿದುಕೊಂಡು.

ನಾನೂ ಆ ಲೈಟ್‌ಹೌಸನ್ನು ಹತ್ತಿಲ್ಲ. ಅದೊಂದೇ ಅಲ್ಲ. ಹುಟ್ಟಿದ್ದು ಉಡುಪಿಯಲ್ಲಿ, ಕೊಟ್ಟದ್ದೂ ಉಡುಪಿಗೇ; ತವರಿಗೂ ಗಂಡನ ಮನೆಗೂ ನಡುವೆ ಒಂದು ರಿಕ್ಷಾದ ದೂರ. ಈ ಐವತ್ತನಾಲ್ಕು ವರ್ಷಗಳಲ್ಲಿ ಮಲ್ಪೆಯಿಂದ ದೋಣಿಯಲ್ಲಿ ಹೋಗುವ ದ್ವೀಪವನ್ನು ನೋಡಿಲ್ಲ. ಕಾರ್ಕಳದ ಗೊಮ್ಮಟನ ತಲೆಯನ್ನು ಬಸ್ಸಿನ ಕಿಟಕಿಯಿಂದ ಕಂಡಿದ್ದೇನೆ, ಪಾದವನ್ನು ಕಂಡಿಲ್ಲ. ಮಣಿಪಾಲಕ್ಕೆ ಹೋದದ್ದೆಲ್ಲ ಆಸ್ಪತ್ರೆಗೆ. ಅಲ್ಲಿಂದ ಸ್ವಲ್ಪ ಮುಂದೆ, ಕೆಳಗೆ ನದಿ ಕಾಣುವ ಎಂಡ್ ಪಾಯಿಂಟ್ ಎಂಬುದೊಂದು ಉಂಟಂತೆ. ಕೇಳಿದವರು ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. "ಉಡುಪಿಯವರೇ ಆಗಿ ನೋಡ್ಲಿಲ್ವಾ?" ನೋಡಿಲ್ಲ. ಏನೀಗ? ನೋಡಿ ಬಂದವರೆಲ್ಲ ಹಸಿದುಕೊಂಡು ಬಂದರಲ್ಲ — ಅವರಿಗೆ ಬಡಿಸಿದ್ದು ನಾನು.

ನಮ್ಮ ಮನೆಯ ಪದ್ಧತಿ ಅದು. ಮುಂಬೈಯಿಂದ ನೆಂಟರು ಬಂದರೆ ಇವರು ಕಾರಿನಲ್ಲಿ ಅವರನ್ನು ಊರು ತೋರಿಸಲು ಕರೆದುಕೊಂಡು ಹೋಗುವುದು; ಅವರು ತಿರುಗಿ ಬರುವಾಗ ಒಲೆಯ ಮೇಲೆ ನೀರುದೋಸೆ ಏಳುತ್ತಿರಬೇಕು. ನೀರುದೋಸೆಯನ್ನು ಮಾಡಿಟ್ಟು ಹೋಗಲಿಕ್ಕಾಗುವುದಿಲ್ಲ. ತಣಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಒಬ್ಬಳು ಹೊಯ್ಯಬೇಕು, ಒಬ್ಬಳು ಮಡಚಿ ಎತ್ತಬೇಕು. ಹೊಯ್ಯುವವಳು ನಾನು, ಮಡಚುವವರು ಅತ್ತೆ. ಕಾರಿನಲ್ಲಿ ನಮಗೆ ಜಾಗ ಇಲ್ಲ ಎಂದು ಯಾರೂ ಯಾವತ್ತೂ ಹೇಳಿದ್ದಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ.

ಆ ದಿನ ಮಾತ್ರ ಒಂದು ಸೀಟು ಉಳಿಯಿತು. ಬಂದವರಲ್ಲಿ ಒಬ್ಬಾಕೆ ತಲೆನೋವೆಂದು ಮಲಗಿದರು. ಇವರ ಚಿಕ್ಕಪ್ಪನ ಮಗ ಅಂಗಳದಿಂದ ಕೂಗಿದ: "ದೊಡ್ಡಮ್ಮ, ನೀವು ಬನ್ನಿ, ಲೈಟ್‌ಹೌಸಿಗೆ!"

ಅತ್ತೆಯ ತವರು ಕಾಪುವಿನ ಕಡಲ ಬದಿಯಲ್ಲೇ. ಅವರ ಅಪ್ಪ, ಅಣ್ಣಂದಿರು ಆ ಬೆಳಕನ್ನು ನೋಡಿಕೊಂಡು ದೋಣಿ ದಡಕ್ಕೆ ತಂದವರು. ಚಿಕ್ಕವರಿರುವಾಗ ಅತ್ತೆ ಮರಳ ಮೇಲೆ ಮೀನು ಒಣಗಿಸುತ್ತಿದ್ದರೆ, ಲೈಟ್‌ಹೌಸ್ ಹತ್ತಿ ಬಂದ ಗಂಡುಹುಡುಗರು "ನಿಮ್ಮ ಮನೆ ಮೇಲಿಂದ ಬೆಂಕಿಪೆಟ್ಟಿಗೆಯಷ್ಟು ಕಾಣ್ತದೆ" ಎಂದು ಅಣಕಿಸುತ್ತಿದ್ದರಂತೆ. ಬೆಂಕಿಪೆಟ್ಟಿಗೆಯೋ ಅಲ್ಲವೋ, ಒಮ್ಮೆ ತಾನೇ ನೋಡಬೇಕು — ಈ ಮಾತನ್ನು ದೋಸೆ ಮಡಚುತ್ತಾ ನನಗೆ ಎಷ್ಟು ಸಲ ಹೇಳಿದ್ದರೋ. ನನಗೆ ಗೊತ್ತಿತ್ತು. ಗೊತ್ತಿದ್ದೇ —

ಅವರು ಒಳಗೆ ಹೋಗಿ ಮಾವಿನ ತಳಿರಿನ ಬಣ್ಣದ ಸೀರೆ ಉಟ್ಟುಕೊಂಡು ಬಂದರು. ತಲೆಗೆ ಒಂದು ತುಂಡು ಮಲ್ಲಿಗೆಯನ್ನೂ ಮುಡಿದಿದ್ದರು. ಅತ್ತೆಯನ್ನು ನಾವು ಕರೆಯುವುದು ಮಾಮಿ ಎಂದು. ನಾನು ತಿರುಗಿಯೂ ನೋಡದೆ ಹೇಳಿದೆ:

"ಸುಮ್ಮನೆ ಯಾಕೆ ಮಾಮಿ? ಅಲ್ಲಿ ಚೀಟಿ ಕೊಡುವವನು ವಯಸ್ಸು ಕೇಳ್ತಾನೆ. ಅರವತ್ತು ದಾಟಿದವರನ್ನು ಹತ್ತಲಿಕ್ಕೆ ಬಿಡುವುದಿಲ್ಲ."

ಅವರಿಗೆ ಆಗ ಅರವತ್ತೊಂದು. ಬಾವಿಯಿಂದ ಎರಡೆರಡು ಕೊಡಪಾನ ಎತ್ತುತ್ತಿದ್ದ ಕಾಲು ಅವರದ್ದು. ಒಂದು ಗಳಿಗೆ ನಿಂತರು. ಮತ್ತೆ ಬಾಗಿಲ ತನಕ ಹೋಗಿ ತಾವೇ ಕೂಗಿ ಹೇಳಿದರು: "ನೀವು ಹೋಗಿ ಮಾರಾಯ, ನನಗೆ ಕಾಲು ನೋವು!" ಚೀಟಿಯ ಕಿಂಡಿಯ ಎದುರು ಹತ್ತು ಜನರ ಮುಂದೆ ಹಿಂದೆ ಕಳುಹಿಸಿಕೊಳ್ಳುವ ಹೆಂಗಸು ಅವರಲ್ಲ. ಹಾಗೆ ನನ್ನ ಸುಳ್ಳನ್ನು ಮುಚ್ಚಲು ಅವರೂ ಒಂದು ಸುಳ್ಳು ಹೇಳಬೇಕಾಯಿತು. ಸೀರೆ ಬದಲಿಸಿ ಬಂದು ತೆಂಗಿನಕಾಯಿ ತುರಿಯಲು ಕುಳಿತರು. ಮಲ್ಲಿಗೆ ಮಾತ್ರ ತಲೆಯಲ್ಲೇ ಇತ್ತು.

ಕೆಲಸಕ್ಕೆ ಇನ್ನೊಂದು ಕೈ ಬೇಕಿತ್ತು ಎಂದು ನಾನು ಹೇಳಬಹುದು. ಅದು ಅರ್ಧ ಸತ್ಯ. ಅರ್ಧ ಸತ್ಯ ಹೇಳಲಿಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ನಿಜ ಇಷ್ಟು: ನಾನು ಇಲ್ಲಿ ಹೊಗೆಯಲ್ಲಿ ಬೆವರುತ್ತಾ ನಿಂತಿರುವಾಗ ಅವರು ಮಾತ್ರ ಯಾಕೆ ನೋಡಬೇಕು ಎಂದು ಅನಿಸಿತು. ಒಂದು ಸೀಟು ಉಳಿದಾಗ ನನ್ನ ಹೆಸರನ್ನು ಯಾರೂ ಕೂಗಲಿಲ್ಲ. ಕೂಗಿದವರ ಮೇಲೆ ಸಿಟ್ಟು ಮಾಡುವ ಧೈರ್ಯ ಇರಲಿಲ್ಲ — ಕೂಗಿಸಿಕೊಂಡವರ ಮೇಲೆ ಮಾಡಿದೆ. ಪದ್ಧತಿ ಯಾರದ್ದೇ ಇರಲಿ, ಆ ಸುಳ್ಳು ನನ್ನದು.

ನೆಂಟರು ತಿರುಗಿ ಬಂದರು, ಉಂಡರು. ಉಂಡಾದ ಮೇಲೆ ಕ್ಯಾಮರಾದಲ್ಲಿ ಮೇಲಿನಿಂದ ತೆಗೆದ ಫೋಟೋಗಳನ್ನು ತೋರಿಸಿದರು. ಅತ್ತೆ ಕನ್ನಡಕ ಹಾಕಿಕೊಂಡು ಅಂಗೈಯಷ್ಟಗಲದ ಆ ಪರದೆಯಲ್ಲಿ ತೆಂಗಿನ ತಲೆಗಳ ನಡುವೆ ಬೆರಳಾಡಿಸುತ್ತಾ ಹುಡುಕಿದರು. "ಎಲ್ಲ ಹಂಚೂ ಒಂದೇ ಹಾಗೆ ಕಾಣ್ತದಲ್ವಾ," ಎಂದು ಕ್ಯಾಮರಾ ಹಿಂದೆ ಕೊಟ್ಟರು. ಆ ಬೆರಳಿಗೆ ದೋಸೆಯ ಹಿಟ್ಟು ಅಂಟಿತ್ತು. ನಾನು ನೋಡಿದೆ. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ಮತ್ತೆಂದೂ ಅವರು ಹತ್ತುವ ಮಾತೆತ್ತಲಿಲ್ಲ. ಕಾಪು ಎಷ್ಟು ದೂರ? ಬಸ್ಸಿನಲ್ಲಿ ಅರ್ಧ ಗಂಟೆ. ತವರಿಗೆ ಹೋಗಿ ಬರುತ್ತಿದ್ದರು, ಲೈಟ್‌ಹೌಸ್ ನಿಂತ ಬಂಡೆಯ ಕೆಳಗಿನಿಂದಲೇ. ಐದಾರು ವರ್ಷಗಳಲ್ಲಿ ಅಣ್ಣನ ಮಕ್ಕಳು ಮನೆ ಮಾರಿದರು. ಹಂಚು ಇಳಿಸಿ ಲಾರಿಗೆ ತುಂಬುವಾಗ ಅತ್ತೆ ಅಲ್ಲಿದ್ದರು. ಮನೆಗೆ ಬಂದು ಕಾಲು ತೊಳೆದುಕೊಳ್ಳುತ್ತಾ ಅಂದರು: "ಅರವತ್ತರ ಮೊದಲೇ ಹೋಗಬೇಕಿತ್ತು. ತಪ್ಪು ನನ್ನದೇ." ಅವತ್ತಿನಿಂದ ಆ ಮಾತು ನನ್ನೊಳಗೆ ಉಂಟು. ನನ್ನ ತಪ್ಪನ್ನು ಅವರು ತಮ್ಮ ಹೆಸರಿಗೆ ಬರೆದುಕೊಂಡದ್ದು — ಅದನ್ನು ನಾನು ಕೇಳಿಯೂ ಸುಮ್ಮನಿದ್ದದ್ದು. ಈಗ ಅವರಿಗೆ ಎಪ್ಪತ್ತೆಂಟು. ಎರಡು ಮೆಟ್ಟಿಲಿಗೂ ನನ್ನ ಭುಜ ಬೇಕು.

ಹೇಳುತ್ತೇನೆ ಎಂದಾಗ ಇವರು ಬೇಡವೆಂದರು. "ಈಗ ಹೇಳಿ ಎಂತ ಮಾಡ್ತೀ ಮಾರಾಯ್ತಿ? ಅಮ್ಮನಿಗೆ ಮರೆತೂ ಹೋಗಿದೆ. ನಿನ್ನ ಮೇಲೆ ಇರುವ ಪ್ರೀತಿಯನ್ನೂ ಕಳೆದುಕೊಳ್ತೀ."

"ಕಳೆದುಕೊಳ್ತೇನೆ," ಎಂದೆ. "ಆ ಪ್ರೀತಿ ಇರುವುದು ಸುಳ್ಳು ಹೇಳದ ಜಯಂತಿಯ ಮೇಲೆ. ಅವಳು ಈ ಮನೆಯಲ್ಲಿ ಇಲ್ಲ."

ಹಾಗಾಗಿ ಇವತ್ತು ಹೇಳಿದೆ. ಕೆಲಸಕ್ಕೆ ಕೈ ಬೇಕಿದ್ದದ್ದನ್ನಲ್ಲ, ಹೊಟ್ಟೆಕಿಚ್ಚನ್ನು ಹೇಳಿದೆ. ಅತ್ತೆ ಚಹಾದ ಲೋಟ ಕೆಳಗಿಟ್ಟರು. ಅವರಿಗೆ ಏನೂ ಮರೆತಿರಲಿಲ್ಲ.

"ಮಲ್ಲಿಗೆ ಮುಡಿದಿದ್ದೆ ನಾನು," ಎಂದರು.

"ಹೌದು ಮಾಮಿ."

"ನೀನು ತಿರುಗಿ ನೋಡಲೇ ಇಲ್ಲ. ನಿನಗೆ ಹೇಗೆ ಗೊತ್ತು?"

"ಆಮೇಲೆ ನೋಡಿದೆ. ಕಾಯಿ ತುರಿಯುವಾಗ."

ಅತ್ತೆ ಲೋಟವನ್ನು ಗೋಡೆಯ ಬದಿಗೆ ಸರಿಸಿದರು. ಮತ್ತೆ, ಮೀನಿನವಳ ಹತ್ತಿರ ಮಾತಾಡುವ ದನಿಯಲ್ಲಿ: "ಇಷ್ಟು ವರ್ಷ ಮೂರು ಹೊತ್ತು ಬೇಯಿಸಿದ್ದೀ. ಈ ಒಂದು ಮಾತು ಬೇಯಲಿಕ್ಕೆ ಹದಿನೇಳು ವರ್ಷ ಬೇಕಾಯ್ತಾ? ಕ್ಷಮೆ ಗಿಮೆ ಕೇಳಬೇಡ. ಕೊಡಲಿಕ್ಕೆ ನನ್ನ ಹತ್ತಿರ ಇಲ್ಲ."

"ಕೇಳಲಿಕ್ಕೆ ಬಂದದ್ದಲ್ಲ."

"ಮತ್ತೆಂತಕ್ಕೆ ಬಂದದ್ದು?"

"ತಪ್ಪು ನಿಮ್ಮದಲ್ಲ ಅಂತ ಹೇಳಲಿಕ್ಕೆ."

ಅವರು ಗೋಡೆಯ ಕಡೆ ತಿರುಗಿದರು. ನಾನು ಎದ್ದು ಹೊರಗೆ ಬಂದು, ಪೇಪರು ಓದುವಂತೆ ನಟಿಸುತ್ತಿದ್ದ ಇವರಿಗೆ ಹೇಳಿದೆ: ಭಾನುವಾರ ಈ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ನೆಂಟರು ಹೋಟೆಲಿನಲ್ಲಿ ಉಣ್ಣಲಿ, ಬೇಕಾದರೆ ನನ್ನನ್ನು ಬೈಯಲಿ. ಕಾರಿನಲ್ಲಿ ಎರಡು ಸೀಟು ನಮ್ಮದು. ಅತ್ತೆಗೆ ಕಾಪುವಿನಲ್ಲಿ, ಲೈಟ್‌ಹೌಸಿನ ಕೆಳಗೆ ಮರಳಿನ ಮೇಲೆ ಒಂದು ಕುರ್ಚಿ.

ಒಳಗಿನಿಂದ ಅತ್ತೆ ಕೂಗಿದರು. ಅವರ ಕಿವಿಗೆ ಏನೂ ಆಗಿಲ್ಲ. "ಕೆಳಗೆ ಕುಳಿತು ಮೇಲೆ ನೋಡಲಿಕ್ಕೆ ನಾನು ಬರುವುದಿಲ್ಲ. ಅದನ್ನು ಹುಟ್ಟಿದಂದಿನಿಂದ ಮಾಡಿದ್ದೇನೆ. ನೀನೊಬ್ಬಳೇ ಹತ್ತು."

"ನೀವು ಹತ್ತದ್ದನ್ನು ನಾನು ಹತ್ತುವುದಿಲ್ಲ ಮಾಮಿ."

"ಅದು ಶಿಕ್ಷೆ ಯಾರಿಗೆ, ನಿನಗಾ ನನಗಾ? ಹತ್ತು. ನಮ್ಮ ಮನೆ ಇದ್ದ ಜಾಗದಲ್ಲಿ ಈಗ ಎಂತ ಉಂಟು, ಎಷ್ಟು ದೊಡ್ಡ ಕಾಣ್ತದೆ, ಬಂದು ಹೇಳು. ಇನ್ನೊಮ್ಮೆ ಸುಳ್ಳು ಹೇಳಿದರೆ ನೋಡು!"

ಹತ್ತುತ್ತೇನೆ. ಸಂಜೆ ಬಾಗಿಲು ತೆರೆಯುವ ಹೊತ್ತಿಗೆ ಸಾಲಿನಲ್ಲಿ ನಿಲ್ಲುತ್ತೇನೆ. ಮೇಲೆ ನನಗೆ ಗಾಳಿ ಹಿತವಾಗದಿರಲಿ. ಆ ಜಾಗದಲ್ಲಿ ನೋಡಲಿಕ್ಕಾಗದಂಥ ಏನೋ ಕಟ್ಟಿದ್ದರೂ ಇದ್ದ ಹಾಗೆ ಬಂದು ಹೇಳುತ್ತೇನೆ. ಮೊದಲು ಕಾಪು. ದ್ವೀಪ, ಗೊಮ್ಮಟ ಆಮೇಲೆ. ಬಂದವರು ಹಸಿದಿರಲಿ.

ರಾತ್ರಿಗೆ ಬಂಗುಡೆಯ ಪುಳಿಮುಂಚಿ ಮಾಡಿದ್ದೆ. ಇವರು ಎರಡು ತಿಂದರು, ನಾನು ಒಂದು. ಅತ್ತೆ ಮೀನು ಮುಟ್ಟಲಿಲ್ಲ; ಗಂಜಿಗೆ ಮಾವಿನ ಉಪ್ಪಿನಕಾಯಿ ನೆಂಚಿಕೊಂಡು ಉಂಡರು, ಬಟ್ಟಲನ್ನು ತಾವೇ ತೊಳೆದಿಟ್ಟರು. ದಿನಾ ಎಲ್ಲರಿಗಿಂತ ಕೊನೆಗೆ ಮಲಗುವವರು ಅವರು — "ಗ್ಯಾಸು ಮುಚ್ಚಿದಿಯಾ ಜಯಂತಿ?" ಎಂದು ಕೇಳಿದ ಮೇಲೆಯೇ. ಇವತ್ತು ಕೇಳಲಿಲ್ಲ. ಎಲ್ಲರಿಗಿಂತ ಮೊದಲು ಮಲಗಿದರು. ನಾನು ಎರಡು ಸಲ ಹೋಗಿ ಗ್ಯಾಸು ನೋಡಿದೆ. ಮುಚ್ಚಿತ್ತು.