ಮುಳ್ಳನ್ನು ಮುಳ್ಳೆಂದು ಒಪ್ಪಿಸಿದ ಮುಳ್ಳಕ್ಕ

ಬೆಳಗಿನ ಆರು ಗಂಟೆ. ಹೊರರೋಗಿಗಳ ಸಾಲು ಇನ್ನೂ ಆಸ್ಪತ್ರೆಯ ಗೇಟಿನಾಚೆಗಿದೆ. ಒಳಗೆ ಕಾಂಪೌಂಡಿನುದ್ದಕ್ಕೂ ಕೆಂಪು ಹಣ್ಣಿನ ಗೊಂಚಲು ಹೊತ್ತ ಪೊದೆಗಳು. ಅವುಗಳ ನಡುವೆ ಕತ್ತರಿಯ ಸದ್ದು. ಐವತ್ತೆರಡು ದಾಟಿದ ತೋಟದ ಹೆಂಗಸು ರೆಂಬೆಯೊಂದನ್ನು ಬಾಗಿಸಿ, ಎಲೆ ಸರಿಸಿ, ಮರೆಯಲ್ಲಿದ್ದ ಮುಳ್ಳನ್ನು ತೋರಿಸುತ್ತಾಳೆ. ಅರ್ಧ ಬೆರಳುದ್ದ ಇದೆ.

“ಹಣ್ಣು ನೋಡಿ ಮರುಳಾಗ್ಬೇಡಿ. ಕೈ ಹಾಕಿದ ಮೇಲೇನೇ ಗೊತ್ತಾಗೋದು ಇದರ ಬುದ್ಧಿ.”

ಜೊತೆಗಾರರಿಗೆ ಈಕೆ ಮುಳ್ಳಕ್ಕ. ಓದಿದ್ದು ಮೂರನೇ ಕ್ಲಾಸು. ಹತ್ತೊಂಬತ್ತು ವರ್ಷಗಳಿಂದ ಇಲ್ಲೇ ದುಡಿಮೆ. ದಿನಕ್ಕೆ ಮೂವತ್ತು ಪೊದೆ ಸವರಬೇಕು, ಇನ್ನೂರು ಕುಂಡಕ್ಕೆ ನೀರುಣಿಸಬೇಕು. ಹೋದ ವರ್ಷದವರೆಗೆ ಅಷ್ಟೂ ಬರಿಗೈಯಲ್ಲೇ ನಡೆಯುತ್ತಿತ್ತು. ಏಕೆಂದರೆ ತೋಟದ ಕಡತದಲ್ಲಿ ಈ ಗಿಡದ ಹೆಸರು ಕೊಟೋನಿಯಾಸ್ಟರ್ ಎಂದಿತ್ತು. ಅದೂ ಹೀಗೇ ಕೆಂಪು ಹಣ್ಣು ಬಿಡುವ ಅಲಂಕಾರದ ಗಿಡ, ಆದರೆ ಮುಳ್ಳಿಲ್ಲ. ಮುಳ್ಳಿಲ್ಲದ ಗಿಡಕ್ಕೆ ಕೈಗವಸು ಯಾಕೆ ಎಂಬುದು ಮೇಲ್ವಿಚಾರಕರ ವಾದ.

ಆಗಲೇ, ಜೊತೆಯಲ್ಲಿ ಕೆಲಸ ಮಾಡುವ ನಾದಿನಿಯ ಹೆಬ್ಬೆರಳಲ್ಲಿ ಮುಳ್ಳು ಮುರಿದು ಕೀವಾಯಿತು. ಇದೇ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಬೆರಳು ಇವತ್ತಿಗೂ ಮಡಚುವುದಿಲ್ಲ. ಮುಳ್ಳಕ್ಕನ ಪಿತ್ತ ನೆತ್ತಿಗೇರಿತು. ಒಂದು ರೆಂಬೆ ಕತ್ತರಿಸಿ ತಂದು ಮೇಲ್ವಿಚಾರಕರ ಮೇಜಿನ ಮೇಲಿಟ್ಟಳು.

“ಮುಳ್ಳಿಲ್ಲ ಅಂತೀರಲ್ಲ ಸಾರ್, ಗಟ್ಟಿಯಾಗಿ ಹಿಡ್ಕೊಳ್ಳಿ ನೋಡೋಣ.”

ಅವರು ಕುರ್ಚಿ ಹಿಂದೆ ಸರಿಸಿದರು. “ಕಡತದಲ್ಲಿ ಇರೋದೇ ಹೆಸರು. ನಿಂಗೇನಮ್ಮ ಗೊತ್ತು?”

“ಎಲೆ ಅಂಚು ಸವರಿ ನೋಡಿ, ಗರಗಸದ ಥರ ಸಣ್ಣ ಹಲ್ಲಿದೆ. ನಿಮ್ಮ ಕಡತದ ಗಿಡ ಔಷಧಿ ಅಂಗಡಿ ಪಕ್ಕ ಒಂದೇ ಒಂದಿದೆ. ಅದರ ಎಲೆ ಅಂಚು ನುಣುಪು, ಮುಳ್ಳೂ ಇಲ್ಲ. ಹೆಸರು ಸರಿಯಾಗೋವರೆಗೂ ನಾವ್ಯಾರೂ ಕತ್ತರಿ ಮುಟ್ಟಲ್ಲ.”

ತೋಟದ ಹನ್ನೊಂದು ಮಂದಿಯೂ ಆರು ದಿನ ಕತ್ತರಿ ಕೆಳಗಿಟ್ಟರು. ಸಂಬಳ ಹಿಡಿಯುತ್ತೇವೆಂದರೂ ಜಗ್ಗಲಿಲ್ಲ. ಏಳನೇ ದಿನ ಆಸ್ಪತ್ರೆಯವರು ಕರೆಸಿದ ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ಬಂದು, ಎರಡೂ ಗಿಡಗಳ ಎಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಇದು ಪೈರಕಾಂತ, ಮುಳ್ಳಿರುವ ಗಿಡ ಎಂದು ಬರೆದುಕೊಟ್ಟರು. ಅದೇ ವಾರ ಹನ್ನೊಂದು ಜೊತೆ ಚರ್ಮದ ಕೈಗವಸು ಬಂದವು.

ಈಗ ಮುಳ್ಳಕ್ಕನಿಗೆ ಬೇಕಿರುವುದು ಒಂದೇ: ನಾದಿನಿಗೆ ಸಸಿಮನೆಯಲ್ಲಿ ಹಗುರ ಕೆಲಸ. “ಕೇಳಿದ್ದೀನಿ. ಕೊಡೋವರೆಗೂ ಕೇಳ್ತಾನೇ ಇರ್ತೀನಿ.”

ಆಸ್ಪತ್ರೆಯ ವಾರ್ಷಿಕ ವರದಿಯಲ್ಲಿ ಮಾತ್ರ, ಗಿಡದ ಸರಿಯಾದ ಹೆಸರು ಕಂಡುಹಿಡಿದದ್ದು ಮೇಲ್ವಿಚಾರಕರು ಎಂದು ಅಚ್ಚಾಗಿದೆ. ಅದನ್ನು ಓದಿ ಹೇಳಿದರೆ ಮುಳ್ಳಕ್ಕ ಜೋರಾಗಿ ನಗುತ್ತಾಳೆ.

“ಅವರು ಕಂಡಿರಬಹುದು ಬಿಡಿ. ಹಿಡಿದೋಳು ನಾನು.”